ಪಾರಸೀ ಕಾವ್ಯಗ್ರಂಥಗಳಲ್ಲಿ ಅಕ್ಷರ ಮತ್ತು ಅಲಂಕರಣ

ಪಾರಸೀ ಕಾವ್ಯಗಳ ಸಚಿತ್ರ ಹಸ್ತಪ್ರತಿಗಳ ಮಾತು ಬಂದೊಡನೆ ನಾವು ಚಿತ್ರಗಳನ್ನು ನೆನೆಯುತ್ತೇವೆ; ಲಿಪಿಕಾರನನ್ನು ಮರೆಯುತ್ತೇವೆ. ಆ ಗ್ರಂಥಗಳನ್ನು ಮಾಡಿಸಿದವರ ದೃಷ್ಟಿ ಬೇರೆಯಾಗಿದ್ದಿತು. ಕುರಾನನ್ನು ಬರೆದ ಅಕ್ಷರಕ್ಕೆ ಸಂದ ಗೌರವವು ಕಾವ್ಯಗಳಿಗೂ ಹರಿದುಬಂದು, ಸುಲೇಖಕನು ಚಿತ್ರಕಾರನಿಗಿಂತ ಮೇಲಿನ ಸ್ಥಾನದಲ್ಲಿ ನಿಂತನು.

ಗ್ರಂಥನಿರ್ಮಾಣದ ಕ್ರಮವೇ ಇದಕ್ಕೆ ಸಾಕ್ಷಿ. ಗಂಜಿ ಸವರಿ, ನುಣುಪಾದ ಕಲ್ಲಿನಿಂದ ಉಜ್ಜಿ ಮೆರುಗಿಟ್ಟ ಕಾಗದವನ್ನು ದಾರ ಬಿಗಿದ ಹಲಗೆಯ ಮೇಲಿಟ್ಟು ಒತ್ತಿದರೆ ಗೆರೆಗಳು ಮೂಡುತ್ತಿದ್ದುವು. ಆ ಗೆರೆಗಳ ಮೇಲೆ ಲಿಪಿಕಾರನು ಜೊಂಡಿನ ಲೇಖನಿಯಿಂದ ಬರೆದು, ಚಿತ್ರಕ್ಕೆ ಎಡೆ ಬಿಡುತ್ತಿದ್ದನು. ಕಥೆಯ ಸಂದರ್ಭ ಚಿತ್ರವಿರುವ ಪುಟಕ್ಕೇ ಸರಿಯಾಗಿ ಬರಬೇಕಾದಾಗ ಕೆಲವು ದ್ವಿಪದಿಗಳನ್ನು ಓರೆಯಾಗಿ ಬರೆದು ಸ್ಥಳವನ್ನು ಹಿಗ್ಗಿಸುತ್ತಿದ್ದನು. ನೋಡುವವರಿಗೆ ಬರಿಯ ಅಲಂಕಾರವೆಂದು ತೋರುವ ಈ ಓರೆಸಾಲು ವಾಸ್ತವವಾಗಿ ಲೆಕ್ಕಾಚಾರದ ಫಲ. ಚಿನ್ನದ ಲತಾಬಂಧ, ಶೀರ್ಷಿಕೆಯ ಫಲಕ, ಅಂಚಿನ ಬಣ್ಣದ ಗೆರೆ, ಚಿತ್ರ, ಇವೆಲ್ಲವೂ ಬರೆವಣಿಗೆಯನ್ನು ಅನುಸರಿಸಿ ಬಂದವು.

ಅಕ್ಷರಕ್ಕೂ ಅಳತೆಯಿದ್ದಿತು. 10ನೆಯ ಶತಮಾನದ ಬಾಗ್ದಾದಿನಲ್ಲಿ ಮಂತ್ರಿಯಾಗಿದ್ದ ಇಬ್ನ್ ಮುಖ್ಲಾ, ಲೇಖನಿಯ ಮೊನೆಯಿಂದ ಮೂಡುವ ಚೌಕ ಚುಕ್ಕೆಯನ್ನೇ ಮಾನವಾಗಿಟ್ಟುಕೊಂಡು ಅಕ್ಷರಗಳ ಪ್ರಮಾಣವನ್ನು ನಿಯಮಿಸಿದನೆಂದು ಪರಂಪರೆ ಹೇಳುತ್ತದೆ. 14ನೆಯ ಶತಮಾನದಲ್ಲಿ ಇರಾನಿನಲ್ಲಿ ರೂಪುಗೊಂಡ ನಸ್ತಾಲೀಖ್ ಲಿಪಿಯಾದರೋ, ಇಳಿಜಾರಾಗಿ ಹರಿಯುವ ತನ್ನ ಬಾಗುಗಳಿಂದ ಕಾವ್ಯಕ್ಕೆ ಒಪ್ಪುವ ಲಿಪಿಯಾಯಿತು.

ಈ ಕಲೆಯ ಶಿಖರಗಳಲ್ಲಿ ಒಂದು, 16ನೆಯ ಶತಮಾನದ ತಬ್ರೀಜಿನಲ್ಲಿ ಶಾಹ ತಹ್ಮಾಸ್ಪನಿಗಾಗಿ ಸಿದ್ಧವಾದ ಫಿರ್ದೌಸಿಯ ಶಾಹನಾಮೆ. ಇದರಲ್ಲಿ 759 ಹಾಳೆಗಳೂ 258 ಚಿತ್ರಗಳೂ ಇದ್ದುವು. 1568ರಲ್ಲಿ ಅದು ತುರ್ಕಿಯ ಸುಲ್ತಾನ ಎರಡನೆಯ ಸಲೀಮನಿಗೆ ಕಾಣಿಕೆಯಾಗಿ ಸಂದಿತು. ನಾಲ್ಕು ಶತಮಾನಗಳ ಕಾಲ ಅಖಂಡವಾಗಿ ಉಳಿದ ಈ ಗ್ರಂಥವನ್ನು 1959ರಲ್ಲಿ ಕೊಂಡ ಅಮೆರಿಕದ ಸಂಗ್ರಾಹಕ ಆರ್ಥರ್ ಹೌಟನ್ ಬಿಡಿಬಿಡಿಯಾಗಿಸಿದನು. 1970ರಲ್ಲಿ 78 ಚಿತ್ರಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯವನ್ನು ಸೇರಿದುವು, ಹಲವು ಹರಾಜಾದುವು. 118 ಚಿತ್ರಗಳೊಡನೆ ಉಳಿದ ಗ್ರಂಥಭಾಗವು 1994ರಲ್ಲಿ ಡಿ ಕೂನಿಂಗನ ಒಂದು ವರ್ಣಚಿತ್ರದ ವಿನಿಮಯವಾಗಿ ಇರಾನಿಗೆ ಮರಳಿತು. 2022ರಲ್ಲಿ ಲಂಡನ್ನಿನಲ್ಲಿ ಇದರ ಒಂದೇ ಹಾಳೆ 80 ಲಕ್ಷ ಪೌಂಡಿಗೂ ಮಿಗಿಲಾಗಿ ಮಾರಾಟವಾಯಿತು.

ಬ್ಯಾಂಕಿನ ಲೆಕ್ಕ ನೋಡುವ ನನ್ನಂಥವನಿಗೆ ಈ ಬೆಲೆಯ ಹಿಂದಿನ ನಷ್ಟವೂ ಕಾಣುತ್ತದೆ. ಬಿಡಿಹಾಳೆಯಲ್ಲಿ ಚಿತ್ರ ಉಳಿಯುತ್ತದೆ; ಲಿಪಿಕಾರನು ಹಿಂದಿನ ಪುಟಗಳಿಂದ ಎಣಿಸಿ ತಂದ ಆ ಹೊಂದಿಕೆ ಅಳಿಯುತ್ತದೆ.

ನಮ್ಮ ಬಿಜಾಪುರವೂ ಈ ಪರಂಪರೆಯಿಂದ ದೂರವಿರಲಿಲ್ಲ. ಎರಡನೆಯ ಇಬ್ರಾಹಿಂ ಆದಿಲಶಾಹನು ಇರಾನಿನಿಂದ ಬಂದ ಖಲೀಲುಲ್ಲಾ ಎಂಬ ಸುಲೇಖಕನಿಗೆ ‘ಲೇಖನಿಯ ಬಾದಶಾಹ’ ಎಂಬರ್ಥದ ಬಿರುದನ್ನಿತ್ತನು. ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಕಲ್ಲನ್ನೇ ಕೊರೆದು ಮೂಡಿಸಿದ ಅಕ್ಷರಗಳ ನಡುವೆ ಇಂದಿಗೂ ಬೆಳಕು ಹಾಯುತ್ತದೆ. ಊರಿಗೆ ಹೋದ ವಾಚಕರು ಅಲ್ಲಿ ಒಂದು ಗಳಿಗೆ ನಿಂತು ನೋಡಿದರೆ, ಅಕ್ಷರವೇ ಅಲಂಕರಣವೆಂಬ ಮಾತಿನ ಅರ್ಥ ತಾನಾಗಿ ತಿಳಿದೀತು.