ಮರಿ ಹೊಲಸಿಗೆ ಬಾಯಿ ಹಾಕಿದರೆ ಬಡಿಗೆ ಬೇಡ, ಪೊರಕೆ ಹಿಡಿಯಿರಿ

ನಾಯಿಯನ್ನು ಸಿಂಹಾಸನದ ಮೇಲೆ ಕೂರಿಸಿದರೂ ಹೊಲಸು ತಿನ್ನೋದು ಬಿಡಲ್ಲ ಎಂಬುದು ಹಿರಿಯರ ಕಾಲದ ಮಾತು. ಈ ಒಂದು ಮಾತಿನ ದೆಸೆಯಿಂದ ಮನೆ ಕಳೆದುಕೊಂಡ ಮರಿಗಳೆಷ್ಟೋ, ಲೆಕ್ಕ ಇಟ್ಟವರಿಲ್ಲ.

ಮಕ್ಕಳು ಹಟ ಹಿಡಿದು ಮರಿ ತರಿಸುತ್ತಾರೆ. ಮೂರು ದಿನ ಮುದ್ದೋ ಮುದ್ದು. ನಾಲ್ಕನೇ ದಿನ ಅದು ಹಿತ್ತಲಲ್ಲಿ ತಾನು ಮಾಡಿದ್ದನ್ನು ತಾನೇ ತಿಂದು, ಅದೇ ಬಾಯಲ್ಲಿ ಬಂದು ಮಗುವಿನ ಕೆನ್ನೆ ನೆಕ್ಕುತ್ತದೆ. “ಥೂ, ಇದೆಂಥಾ ನಾಯಿ ತಂದ್ರಿ? ಮೊದ್ಲು ಎಲ್ಲಾದ್ರೂ ಬಿಟ್ಟು ಬನ್ನಿ” ಎಂದು ಮನೆಯಾಕೆಯ ಅಪ್ಪಣೆ. ಅಂದೇ ಸಂಜೆ ಗೋಣಿಚೀಲದಲ್ಲಿ ಮರಿಯ ಸವಾರಿ ಬಸ್ ಸ್ಟ್ಯಾಂಡಿಗೆ.

ಬೆಳಗ್ಗೆ ಷಟರ್ ಎತ್ತುವ ಅಂಗಡಿಯವರಿಗೆ ಮೆಟ್ಟಿಲ ಮೇಲೆ ಹೊಸ ಅತಿಥಿ. ಒಂದು ಬನ್ನು ಹಾಕಿದರೆ ಮರಿ ಅಲ್ಲೇ ಠಿಕಾಣಿ. ಎರಡು ದಿನದಲ್ಲಿ ಅಲ್ಲೂ ಅದೇ ಫಜೀತಿ, ಅದೂ ಗಿರಾಕಿಗಳ ಎದುರಿಗೆ. ಅಂಗಡಿಯ ಹುಡುಗ ಕೋಲು ಎತ್ತುತ್ತಾನೆ. ಏಟು ತಿಂದ ಮರಿ ಬಸ್ಸಿನ ಚಕ್ರದತ್ತ ಓಡುತ್ತದೆ. ಮುಂದಿನದನ್ನು ದಿನಾ ಬಸ್ ಹತ್ತುವವರಿಗೆ ಹೇಳಬೇಕಾಗಿಲ್ಲ.

ತಾಯಿ ಕಲಿಸಿದ ಪಾಠ

ಅಸಲಿಗೆ ಮರಿಯ ತಪ್ಪೇನು? ಹುಟ್ಟಿದ ಮೊದಲ ಎರಡು ಮೂರು ವಾರ ಮರಿ ತಾನಾಗಿ ಮಲ ವಿಸರ್ಜನೆ ಮಾಡಲಾರದು. ತಾಯಿ ನೆಕ್ಕಿ ನೆಕ್ಕಿ ಮಾಡಿಸಬೇಕು. ಬಂದದ್ದನ್ನು ತಾಯಿಯೇ ತಿಂದು ಮಲಗುವ ಜಾಗ ಚೊಕ್ಕಟವಾಗಿಡುತ್ತದೆ. ಮನುಷ್ಯರಿಗೆ ಹೇಸಿಗೆ ಎನ್ನಿಸುವುದು ನಾಯಿಗೆ ಮನೆಗೆಲಸ. ಕಣ್ಣು ಬಿಟ್ಟ ಮರಿ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕಿ ಲೋಕ ಅರಿಯುತ್ತದೆ. ಸರಿಯಾಗಿ ನೋಡಿಕೊಂಡರೆ ಎಷ್ಟೋ ಮರಿಗಳಲ್ಲಿ ಈ ಚಾಳಿ ಬೆಳೆದಂತೆ ಬಿಟ್ಟುಹೋಗುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪಶುವೈದ್ಯ ಬೆಂಜಮಿನ್ ಹಾರ್ಟ್ ಮತ್ತು ಸಂಗಡಿಗರು ನಾಯಿ ಸಾಕುವವರನ್ನೇ ವಿಚಾರಿಸಿ 2018ರಲ್ಲಿ ವರದಿ ಪ್ರಕಟಿಸಿದರು. ಪದೇ ಪದೇ ಮಲ ತಿನ್ನುವ ನಾಯಿಗಳು 100ಕ್ಕೆ 16. ಅವು ಬಾಯಿ ಹಾಕುವುದು ಹೆಚ್ಚಾಗಿ ಎರಡು ದಿನದೊಳಗಿನ ಹೊಸ ಮಲಕ್ಕೆ. ಊಟ ಕಂಡರೆ ಗಬಗಬನೆ ನುಂಗುವ ನಾಯಿಗಳಲ್ಲಿ ಈ ಚಾಳಿ ಜಾಸ್ತಿ. ಇದು ತೋಳದ ಕಾಲದಿಂದ ಬಂದ ಬುದ್ಧಿ ಇರಬಹುದು ಎಂದು ಅವರ ಊಹೆ. ಮಲದಲ್ಲಿರುವ ಹುಳುವಿನ ಮೊಟ್ಟೆ ಅಂಟುವ ಸ್ಥಿತಿಗೆ ಬರಲು ಕೆಲವು ದಿನ ಬೇಕು. ಅಷ್ಟರೊಳಗೆ ತಿಂದು ಮುಗಿಸಿದರೆ ಗವಿ ಶುಚಿ.

ಕಾಸು ಕೊಟ್ಟು ಔಷಧಿ ತರುವವರು ಗಮನಿಸಬೇಕಾದ ಮಾತೂ ಅದೇ ವರದಿಯಲ್ಲಿದೆ. ಈ ಚಾಳಿ ಬಿಡಿಸುತ್ತೇವೆಂದು ಅಲ್ಲಿ ಮಾರುವ 11 ಬಗೆಯ ಪುಡಿ, ಮಾತ್ರೆಗಳಲ್ಲಿ ಯಾವುದರಿಂದಲೂ 100ಕ್ಕೆ ಎರಡಕ್ಕಿಂತ ಹೆಚ್ಚು ನಾಯಿಗಳು ಸುಧಾರಿಸಲಿಲ್ಲ. ಬರೀ ಬಾಯಿಮಾತಲ್ಲಿ “ಬಿಡು” ಎಂದು ಕಲಿಸಿದವರ ಗೆಲುವೂ ಅಷ್ಟಕ್ಕಷ್ಟೆ.

ಏಟಿನಿಂದ ಏನು ಕಲಿಯುತ್ತದೆ?

ಹೊಡೆದರೆ ಮರಿ ಕಲಿಯುವ ಪಾಠ ಒಂದೇ: ಯಜಮಾನ ಬರುವಷ್ಟರಲ್ಲಿ ಬೇಗ ನುಂಗಬೇಕು. ಮೂತಿಯನ್ನು ಹೊಲಸಿಗೆ ಉಜ್ಜುವವರೂ ಇದ್ದಾರೆ. ತಿನ್ನಬೇಡ ಎನ್ನುತ್ತಾ ಬಾಯಿಗೇ ಮೆತ್ತುವುದು ಯಾವ ನ್ಯಾಯ? ಖಾರದ ಪುಡಿ ಎರಚಿದರೆ ಕಣ್ಣು ಮೂಗು ಉರಿಯುತ್ತದೆಯೇ ಹೊರತು ಬುದ್ಧಿ ಬರುವುದಿಲ್ಲ. ಹೋ ಎಂದು ಕೂಗಿ ಅಟ್ಟಿಸಿಕೊಂಡು ಹೋದರಂತೂ ಮರಿಗೆ ಅದೊಂದು ಆಟ.

ಗ್ಯಾರಂಟಿ ಉಪಾಯ ಒಂದೇ. ಮರಿ ತಿರುಗಿ ನೋಡುವುದರೊಳಗೆ ಹೊಲಸು ಅಲ್ಲಿರಬಾರದು. ಇದಕ್ಕೆ ಹೊತ್ತು ತಿಳಿದಿರಬೇಕು. ಮರಿಗೆ ಒತ್ತಡ ಬರುವುದು ನಿದ್ದೆಯಿಂದ ಎದ್ದಾಗ, ಊಟವಾದ ಸ್ವಲ್ಪ ಹೊತ್ತಿಗೆ, ಆಟ ಮುಗಿದಾಗ. ಆಗ ಕೊರಳಿಗೆ ಹಗ್ಗ ಹಾಕಿ ದಿನಾ ಒಂದೇ ಜಾಗಕ್ಕೆ ಕರೆದೊಯ್ಯಬೇಕು. ಕೆಲಸ ಮುಗಿದ ಕೂಡಲೇ ಗದರದೆ ಹೆಸರು ಹಿಡಿದು ಕರೆದು, ನಾಲ್ಕು ಹೆಜ್ಜೆ ಈಚೆ ತಂದು, ಬೇಯಿಸಿದ ಮೊಟ್ಟೆಯದೋ ಕೋಳಿಯದೋ ಒಂದು ಚೂರು ಕೊಡಬೇಕು. ಹಿಂದೆಯೇ ಪೊರಕೆ, ಮೊರದಿಂದ ಜಾಗ ಖಾಲಿ. ನಿತ್ಯ ಹೀಗೇ ಮಾಡಿದರೆ ಮರಿ ಕೆಲಸ ಮುಗಿಸಿ ನೆಲ ನೋಡುವ ಬದಲು ಯಜಮಾನನ ಕೈ ನೋಡಲು ಕಲಿಯುತ್ತದೆ.

“ಬಿಡು” ಎಂಬ ಪಾಠವೂ ಜೊತೆಗಿರಲಿ. ಮುಷ್ಟಿಯಲ್ಲಿ ಒಂದು ಚೂರು ಮುಚ್ಚಿ ಹಿಡಿದು, ಮರಿ ಮೂಸಿ ಕೆದಕಿ ಸುಮ್ಮನಾದಾಗ “ಬಿಡು” ಎಂದು ಇನ್ನೊಂದು ಕೈಯಿಂದ ಬೇರೆ ಚೂರು ಕೊಡಬೇಕು. ಅದು ಪೊರಕೆಗೆ ಬದಲಿ ಅಲ್ಲ, ಪೊರಕೆ ತರುವವರೆಗಿನ ಆಸರೆ.

ಹೊಟ್ಟೆಯ ವಿಚಾರ

ಹಸಿದ ಮರಿಗೆ ಯಾವ ಪಾಠವೂ ಹತ್ತುವುದಿಲ್ಲ. ನೀರು ಹಾಲಿನ ಅನ್ನ, ಬಿಸ್ಕತ್ತು ಬೆಳೆಯುವ ಮೈಗೆ ಸಾಲದು. ಎರಡು ಮೂರು ತಿಂಗಳ ಮರಿಗೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕಬೇಕು, ಅದರಲ್ಲಿ ಮೊಟ್ಟೆ, ಮಾಂಸದಂಥದ್ದು ಇರಬೇಕು.

ಹೊಟ್ಟೆಯಲ್ಲಿ ಹುಳು ಇದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಜಂತುಹುಳು ತಾಯಿಯ ಗರ್ಭದಲ್ಲೇ ಮರಿಗೆ ಬರುತ್ತದೆ. ಆದ್ದರಿಂದ ಎರಡನೇ ವಾರದಿಂದಲೇ ಜಂತಿನ ಔಷಧಿ ಶುರು, ಎಳೆಯದರಲ್ಲಿ ಹದಿನೈದು ದಿನಕ್ಕೊಮ್ಮೆ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಎಷ್ಟು ಕೊಡಬೇಕೆಂದು ಪಶು ಆಸ್ಪತ್ರೆಯಲ್ಲಿ ತೂಕ ನೋಡಿ ಹೇಳುತ್ತಾರೆ. ಇದೇ ಹುಳು ಮಕ್ಕಳಿಗೂ ಅಂಟಬಲ್ಲದು, ಮರಿ ಮುಟ್ಟಿದ ಕೈಗೆ ಸೋಪು ಬೀಳಲೇಬೇಕು.

ಬೇರೆ ನಾಯಿಯ ಮಲಕ್ಕೆ ಬಾಯಿ ಹಾಕುವುದು ಇನ್ನೂ ಅಪಾಯ. ರಕ್ತಭೇದಿಯಾಗಿ ಮರಿಗಳು ಸಾಯುವ ಪಾರ್ವೋ ರೋಗ ಹರಡುವುದು ಮಲದಿಂದಲೇ. ಅದರ ಲಸಿಕೆ ಆರರಿಂದ ಎಂಟು ವಾರಕ್ಕೆ ಶುರುವಾಗಬೇಕು. ಬೆಳೆದ ನಾಯಿ ಇದ್ದಕ್ಕಿದ್ದಂತೆ ಮಲ ತಿನ್ನತೊಡಗಿದರೆ, ತಿಂದರೂ ಸೊರಗಿದರೆ ಅದು ಚಾಳಿಯಲ್ಲ, ಕಾಯಿಲೆ ಇರಬಹುದು. ಡಾಕ್ಟರಿಗೆ ತೋರಿಸಬೇಕು.

ಅಂಗಡಿ ಸಾಲಿನ ಮರಿಯದು ಬೇರೆಯೇ ಕಷ್ಟ. ಹತ್ತು ಜನರ ಮರಿ ಯಾರ ಮರಿಯೂ ಅಲ್ಲ. ಎಲ್ಲರೂ ಬಿಸ್ಕತ್ತು ಹಾಕುತ್ತಾರೆ, ಪೊರಕೆ ಹಿಡಿಯುವಾಗ ಒಬ್ಬರಿಲ್ಲ. ಯಾರಾದರೂ ಒಬ್ಬರು ಹೊಣೆ ಹೊತ್ತರೆ ಮಾತ್ರ ಅದು ದಾರಿಗೆ ಬರುತ್ತದೆ.

ಇಷ್ಟಾದರೂ ಗೋಣಿಚೀಲವೇ ವಾಸಿ ಎನ್ನುವವರಿಗೆ ಒಂದು ಮಾತು. ಸಾಕಿದ ಪ್ರಾಣಿಯನ್ನು ಅನ್ನ ನೀರಿಲ್ಲದೆ ನರಳುವಂತೆ ಬಿಟ್ಟು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಹಾಗಿರಲಿ, ಬೇಕಾದದ್ದು ದಿನಕ್ಕೆ ನಾಲ್ಕೈದು ಸಲ ಐದು ನಿಮಿಷ, ಅದೂ ಕೆಲವು ತಿಂಗಳು. ಇವತ್ತು ಗುಡಿಸಿ, ನಾಳೆ ನೋಡೋಣ ಎಂದರೆ ಮಾತ್ರ ಆಗದು. ಯಜಮಾನ ಬಿಟ್ಟ ದಿನವೇ ಮರಿ ಹಿಡಿಯುತ್ತದೆ.