ಸರ್ಚ್‌ನಲ್ಲಿ ಬರಲಿಲ್ಲ ಎಂದರೆ ಫೈಲ್ ಇಲ್ಲ ಎಂದಲ್ಲ

ತಪ್ಪು ಕಲ್ಪನೆ: ಫೋಲ್ಡರ್ ಪೂರಾ ಹುಡುಕಿಸಿದೆ, ಬರಲಿಲ್ಲ, ಆದ್ದರಿಂದ ಆ ಫೈಲ್ ಇಲ್ಲ.

ಮಂಡ್ಯದಲ್ಲಾಗಲಿ, ಮದ್ದೂರಿನಲ್ಲಾಗಲಿ, ಮಳವಳ್ಳಿಯಲ್ಲಾಗಲಿ, ಹತ್ತು ಹದಿನೈದು ವರ್ಷದ ಹಿಂದೆ ಬರೆಸಿದ ಕರಾರು ಪತ್ರದ ಇನ್ನೊಂದು ಪ್ರತಿ ಬೇಕೆಂದು ಟೈಪಿಂಗ್ ಅಂಗಡಿಗೆ ಹೋದವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಇದು: ‘ಇಲ್ಲ ಕಣಣ್ಣ, ಸರ್ಚ್ ಕೊಟ್ಟೆ, ಬರ್ತಿಲ್ಲ. ಹೊಸ್ದಾಗಿ ಟೈಪ್ ಮಾಡ್ಕೊಡ್ತೀನಿ ಬುಡಿ.’ ಕೇಳಿದವರೂ ಒಪ್ಪಿ ಕಾಸು ಕೊಟ್ಟು ಬರುತ್ತಾರೆ. ಈಗ ಕಾಲೇಜಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತ ಹುಡುಗರು ಬಂದಿದ್ದಾರೆ. ಹತ್ತು ಸಾಲಿನ ಸ್ಕ್ರಿಪ್ಟ್ ಬರೆದು, ಸಾವಿರಾರು ಫೈಲುಗಳ ಮೇಲೆ ಓಡಿಸಿ, ಫಲಿತಾಂಶ ಸೊನ್ನೆ ಎಂದು ತೋರಿಸುತ್ತಾರೆ. ಮೊದಲಿನ ಉತ್ತರಕ್ಕಿಂತ ಇದು ಹೆಚ್ಚು ಅಪಾಯದ್ದು. ಅಂಗಡಿಯವರ ಮಾತನ್ನು ಯಾರಾದರೂ ಪ್ರಶ್ನಿಸಿಯಾರು. ಸ್ಕ್ರಿಪ್ಟಿನ ಸೊನ್ನೆಯನ್ನು ಯಾರೂ ಪ್ರಶ್ನಿಸುವುದಿಲ್ಲ.

ಸತ್ಯ: ಸ್ಕ್ರಿಪ್ಟ್ ಹೇಳಿದ್ದು ಇಷ್ಟೇ. ನೀನು ಕೊಟ್ಟ ಗುರುತುಗಳ ಸಾಲು, ನನಗೆ ತೆರೆಯಲಾದ ಫೈಲುಗಳಲ್ಲಿ, ನಾನು ಓದಿದ ರೀತಿಯಲ್ಲಿ, ಕಾಣಿಸಲಿಲ್ಲ. ಇದರಲ್ಲಿ ಮೂರು ಷರತ್ತುಗಳಿವೆ. ಕನ್ನಡದ ಫೈಲುಗಳ ಮಟ್ಟಿಗೆ ಮೂರೂ ಕೈಕೊಡುತ್ತವೆ.

ಮೊದಲನೆಯದು ಗುರುತುಗಳ ಸಾಲು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಅದರ ಬೆನ್ನಿಗೇ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಸರ್ಕಾರಿ ಕಚೇರಿಗಳಿಗೂ ಟೈಪಿಂಗ್ ಅಂಗಡಿಗಳಿಗೂ ಹಬ್ಬಿತು. ಕನ್ನಡಕ್ಕೆ ಅದು ದೊಡ್ಡ ಉಪಕಾರ. ಆದರೆ ಆ ಕಾಲದ ನುಡಿ ಫೈಲಿನ ಹೊಟ್ಟೆಯಲ್ಲಿ ಕನ್ನಡ ಇಲ್ಲ. ಅಲ್ಲಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಗುರುತು. ಫಾಂಟು ಅದರ ಮೇಲೆ ಕನ್ನಡದ ಆಕಾರ ಬರೆದು ತೋರಿಸುತ್ತದೆ. ಇಂಗ್ಲಿಷಿನ ದೊಡ್ಡ ‘ಸಿ’ ಅಲ್ಲಿ ಅ, ದೊಡ್ಡ ‘ಡಿ’ ಆ, ದೊಡ್ಡ ‘ಎ’ ಅನುಸ್ವಾರ. ‘ಮಂಡ್ಯ’ ಎಂಬ ಪದ ಅಲ್ಲಿ ಏಳು ತುಂಡುಗಳಾಗಿ ಕೂತಿರುತ್ತದೆ: ಮ ಒಂದಕ್ಕೇ ಮೂರು, ಅನುಸ್ವಾರಕ್ಕೆ ಒಂದು, ಡಕಾರಕ್ಕೆ ಎರಡು, ಯಒತ್ತಿಗೆ ಒಂದು. ನಾವು ಇಂದು ಟೈಪ್ ಮಾಡುವ ಯೂನಿಕೋಡಿನಲ್ಲಿ ಅದೇ ಪದಕ್ಕೆ ಐದು ಸಂಕೇತ, ಐದೂ ಕನ್ನಡದ್ದೇ. ಈ ಐದಕ್ಕೂ ಆ ಏಳಕ್ಕೂ ಒಂದಂಶವೂ ಹೊಂದುವುದಿಲ್ಲ. ಫೈಲ್ ತೆರೆದರೆ ಪುಟದ ತುಂಬ ಮಂಡ್ಯ, ಮಂಡ್ಯ ಎಂದು ಕಣ್ಣಿಗೆ ಹೊಡೆಯುತ್ತದೆ. ಸ್ಕ್ರಿಪ್ಟ್ ಮಾತ್ರ ಸೊನ್ನೆ ಎನ್ನುತ್ತದೆ. ಸ್ಕ್ರಿಪ್ಟ್ ಸುಳ್ಳು ಹೇಳಿಲ್ಲ. ನಾವು ಕೇಳಿದ್ದೇ ಬೇರೆ.

ಇನ್ನೂ ಬೇಸರದ ಸಂಗತಿಯೊಂದಿದೆ. ನುಡಿಯ ಹಳೆಯ ಕ್ರಮದಲ್ಲೇ ಸರ್ಚ್ ಪೆಟ್ಟಿಗೆಯಲ್ಲಿ ಟೈಪ್ ಮಾಡಿದರೆ ಅಲ್ಲಿ ಕನ್ನಡ ಕಾಣದು, ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಅದೇ ಸರಿಯಾದ ಪ್ರಶ್ನೆ. ಆದರೆ ಏನೋ ಕೆಟ್ಟಿತು ಎಂದು ಅದನ್ನೇ ಅಳಿಸಿ, ಯೂನಿಕೋಡಿನಲ್ಲಿ ಚೆಂದವಾಗಿ ‘ಮಂಡ್ಯ’ ಎಂದು ಬರೆದು ಹುಡುಕುತ್ತಾರೆ. ಸರಿಯಾದದ್ದನ್ನು ಅಳಿಸಿ ತಪ್ಪನ್ನು ಕೇಳಿದ ಮೇಲೆ ಬರುವ ಸೊನ್ನೆಯನ್ನು ಪುರಾವೆ ಎಂದು ಹಿಡಿಯುತ್ತಾರೆ.

ದಾರಿ ಇದೆ, ಅದು ಕಷ್ಟದ್ದೂ ಅಲ್ಲ. ಮೊದಲು ಪರಿವರ್ತಿಸಿ, ಆಮೇಲೆ ಹುಡುಕಿ. ಹಳೆಯ ನುಡಿ, ಬರಹ ಪಠ್ಯವನ್ನು ಯೂನಿಕೋಡಿಗೆ ತರುವ ಪರಿವರ್ತಕವನ್ನು ಅರವಿಂದ ವಿ.ಕೆ. ಬರೆದು ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ. ಒಂದು ಗುರುತಿಗೆ ಒಂದು ಅಕ್ಷರ ಎಂದು ಬದಲಿಸುತ್ತ ಹೋದರೆ ಸಾಲದು. ‘ಕರ್ನಾಟಕ’ದ ಅರ್ಕಾವೊತ್ತು ಬರೆಯುವಾಗ ನಾ ಆದಮೇಲೆ ಬರುತ್ತದೆ, ನುಡಿಯಲ್ಲೂ ಹಾಗೇ ಕೂತಿರುತ್ತದೆ; ಯೂನಿಕೋಡಿನಲ್ಲಿ ಉಚ್ಚಾರದಂತೆ ರಕಾರ ಮೊದಲು. ಅದನ್ನು ಹಿಂದಕ್ಕೆ ಎಳೆದು ಕೂರಿಸಬೇಕು. ಶ್ರೀಲಿಪಿಯಂಥ ತಂತ್ರಾಂಶಗಳ ಗುರುತುಗಳ ಕೋಷ್ಟಕವೇ ಬೇರೆ. ನುಡಿಯ ಪರಿವರ್ತಕ ಅವಕ್ಕೆ ನಡೆಯದು.

ಯೂನಿಕೋಡ್ ಆದರೂ ನಿಶ್ಚಿಂತೆಯಿಂದ ಕೂರುವಂತಿಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಏಳು ಅಕ್ಷರ. ಕಂಪ್ಯೂಟರಿಗೆ ಅದು 13 ಸಂಕೇತವೂ ಆಗಬಹುದು, 15 ಸಂಕೇತವೂ ಆಗಬಹುದು, ಎರಡೂ ನಿಯಮಬದ್ಧವೇ. ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರದ ಚಿಹ್ನೆ ಎಂದು ಎರಡಾಗಿ ಒಡೆದೂ ಬರೆಯಬಹುದು. ಏತ್ವವೂ ಹಾಗೇ ಎತ್ವ ಮತ್ತು ದೀರ್ಘ ಎಂದು ಒಡೆಯುತ್ತದೆ. ಹಳೆಯ ಮ್ಯಾಕ್ ಯಂತ್ರಗಳು ಫೈಲಿನ ಹೆಸರನ್ನು ಒಡೆದ ರೂಪದಲ್ಲೇ ಇಡುತ್ತಿದ್ದವು. ಅಲ್ಲಿಂದ ಪೆನ್‌ಡ್ರೈವ್‌ನಲ್ಲಿ ಬಂದ ‘ಬೊಪ್ಪೇಗೌಡನಪುರ’ವನ್ನು ಇಲ್ಲಿ ಟೈಪ್ ಮಾಡಿದ ‘ಬೊಪ್ಪೇಗೌಡನಪುರ’ದೊಡನೆ ಹೋಲಿಸಿದರೆ ಪೈಥಾನ್ ಇವೆರಡೂ ಬೇರೆ ಎನ್ನುತ್ತದೆ. ಹೋಲಿಸುವ ಮುನ್ನ ಎರಡು ಕಡೆಯದನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತರಬೇಕು. ಪೈಥಾನಿನ ‘ಯೂನಿಕೋಡ್‌ಡೇಟಾ’ ಒಂದೇ ಸಾಲಿನಲ್ಲಿ ಆ ಕೆಲಸ ಮಾಡುತ್ತದೆ. ಆದರೆ ‘ಪೆನ್‌ಡ್ರೈವ್’ ಎಂಬಂಥ ಪದದ ನಡುವೆ ಒತ್ತು ಬೀಳದಂತೆ ತಡೆಯಲು ಹಾಕುವ, ಕಣ್ಣಿಗೆ ಕಾಣದ ಗುರುತು ಎನ್‌ಎಫ್‌ಸಿ ಮಾಡಿದರೂ ಹೋಗದು. ಅದನ್ನು ಬೇರೆಯಾಗಿ ತೆಗೆಯಬೇಕು.

ಎರಡನೆಯದು, ತೆರೆಯಲಾದ ಫೈಲುಗಳು ಎಂಬ ಷರತ್ತು. ಫೋಲ್ಡರಿನೊಳಗಿನ ಫೋಲ್ಡರುಗಳಿಗೆಲ್ಲ ಇಳಿಯಲು ಪೈಥಾನಿನಲ್ಲಿ ಎಲ್ಲರೂ ಬಳಸುವ ‘ಓಎಸ್ ವಾಕ್’, ತನಗೆ ಪ್ರವೇಶವಿಲ್ಲದ ಫೋಲ್ಡರ್ ಎದುರಾದರೆ ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಬಿಟ್ಟದ್ದನ್ನು ಹೇಳು ಎಂದು ನಾವಾಗಿ ಕೇಳಿಕೊಂಡರೆ ಮಾತ್ರ ಹೇಳುತ್ತದೆ. ಹೆಸರಿನ ಮಾದರಿ ಕೊಟ್ಟು ಫೈಲ್ ಹುಡುಕಿಸುವ ‘ಗ್ಲಾಬ್’ಗೆ ಎರಡು ನಕ್ಷತ್ರ ಕೊಟ್ಟರೂ, ಒಳಗೆ ಇಳಿ ಎಂದು ಬೇರೆಯಾಗಿ ಹೇಳದಿದ್ದರೆ ಅದು ಮರಿ ಫೋಲ್ಡರುಗಳ ಆಳಕ್ಕೆ ಹೋಗದು. ಇಂಥ ಹುಡುಕಾಟ ಅರ್ಧ ಡಿಸ್ಕನ್ನು ಮುಟ್ಟದೆಯೇ ‘ಸಿಗಲಿಲ್ಲ’ ಎಂದು ವರದಿ ಕೊಡಬಲ್ಲದು.

ಮೂರನೆಯದು ಓದುವ ರೀತಿ. ಯಾವ ಸಂಕೇತಕ್ರಮ ಎಂದು ಹೇಳದೆ ಫೈಲ್ ತೆರೆದರೆ, ನಮ್ಮಲ್ಲಿನ ಬಹುಪಾಲು ವಿಂಡೋಸ್ ಯಂತ್ರಗಳಲ್ಲಿ ಪೈಥಾನ್ ಅದನ್ನು ಯುರೋಪಿನ ಹಳೆಯ ಕೋಷ್ಟಕದ ಪ್ರಕಾರ ಓದಲು ಹೊರಡುತ್ತದೆ. ಕನ್ನಡದ ಅರ್ಧಾಕ್ಷರದ ಚಿಹ್ನೆ ಯುಟಿಎಫ್-8ರಲ್ಲಿ ಮೂರು ಬೈಟು. ಕೊನೆಯ ಬೈಟಿಗೆ ಆ ಕೋಷ್ಟಕದಲ್ಲಿ ಜಾಗವೇ ಇಲ್ಲ. ಆದ್ದರಿಂದ ಒಂದು ಒತ್ತಕ್ಷರ ಎದುರಾದ ಕೂಡಲೇ ಪ್ರೋಗ್ರಾಮ್ ದೋಷ ತೋರಿಸಿ ನಿಲ್ಲುತ್ತದೆ. ಅದು ಒಳ್ಳೆಯದೇ, ಎಚ್ಚರಿಕೆ ಕೊಟ್ಟಿತು. ಆದರೆ ನಮ್ಮ ಹುಡುಗರು ಮಾಡುವುದೇನು? ಎಲ್ಲಿಂದಲೋ ‘ದೋಷಗಳನ್ನು ಕಡೆಗಣಿಸು’ ಎಂಬ ಸಾಲು ನಕಲು ಮಾಡಿ ಸೇರಿಸುತ್ತಾರೆ. ದೋಷ ಮಾಯವಾಗುತ್ತದೆ, ಜೊತೆಗೆ ಹುಡುಕುವ ಪದವೂ. ಎಚ್ಚರಿಕೆಯ ಗಂಟೆಯ ನಾಲಗೆ ಕಿತ್ತು, ಸದ್ದಿಲ್ಲ, ಎಲ್ಲ ಸರಿಯಿದೆ ಎನ್ನುವವರಿಗೆ ಏನು ಹೇಳುವುದು!

ಆದ್ದರಿಂದ ಫೈಲ್ ಹುಡುಕುವ ಸ್ಕ್ರಿಪ್ಟ್ ಬರೆಯುವ ಪ್ರತಿಯೊಬ್ಬರಿಗೂ ನನ್ನ ಕೇಳಿಕೆ: ಸಿಕ್ಕಿದವುಗಳ ಪಟ್ಟಿಯ ಕೆಳಗೆ ಇನ್ನೆರಡು ಲೆಕ್ಕ ಬರಲಿ. ಒಟ್ಟು ಎಷ್ಟು ಫೈಲು ನೋಡಿದೆ, ಅವುಗಳಲ್ಲಿ ಎಷ್ಟನ್ನು ಓದಲಾಗಲಿಲ್ಲ. ಓದಲಾಗದವುಗಳ ಹೆಸರನ್ನೂ ಬರೆಯಿರಿ. ಆ ಲೆಕ್ಕವಿಲ್ಲದ ಸೊನ್ನೆಗೆ ಬೆಲೆಯಿಲ್ಲ.

ಉಳಿದ ಕೆಲವು ನಂಬಿಕೆಗಳಿಗೆ ಒಂದೊಂದು ಮಾತು ಸಾಕು.

‘ಪಿಡಿಎಫ್ ಆದರೆ ಒಳಗಿನ ಪದ ಹುಡುಕಬಹುದು.’ ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಫೋಟೋ. ಅದರಲ್ಲಿ ಹುಡುಕಲು ಅಕ್ಷರವೇ ಇರುವುದಿಲ್ಲ.

‘ವರ್ಡ್ ಫೈಲನ್ನು ನೇರವಾಗಿ ಓದಿಸಿದರಾಯಿತು.’ ಈಗಿನ ಡಾಕ್ಸ್ ಫೈಲು ಒತ್ತಿ ಕಟ್ಟಿದ ಜಿಪ್ ಗಂಟು. ಬಿಚ್ಚದೆ ಒಳಗಿನ ಪದ ಸಿಗದು.

‘ವಿಂಡೋಸ್‌ನ ಸರ್ಚ್ ಎಲ್ಲ ಫೈಲಿನ ಒಳಗೂ ನೋಡುತ್ತದೆ.’ ಸೂಚಿಗೆ ಸೇರಿಸದ ಡ್ರೈವುಗಳಲ್ಲಿ ಅದು ಸಾಮಾನ್ಯವಾಗಿ ಹೆಸರನ್ನಷ್ಟೇ ನೋಡುತ್ತದೆ.

‘ಹೆಸರು ಗೊತ್ತಿದ್ದರೆ ಸಾಕು.’ ಇಂಗ್ಲಿಷ್ ಅಕ್ಷರದಲ್ಲಿ ಮದ್ದೂರಿಗೆ ಒಂದು ‘ಯು’ ಹಾಕಿದವರೂ ಇದ್ದಾರೆ, ಎರಡು ‘ಓ’ ಹಾಕಿದವರೂ ಇದ್ದಾರೆ. ಮಳವಳ್ಳಿಯ ನಡುವಿನ ‘ಎ’ ಬಿಟ್ಟವರಂತೂ ಲೆಕ್ಕವಿಲ್ಲ. ಎಲ್ಲ ಬಗೆಯನ್ನೂ ಹುಡುಕಬೇಕು.

‘ಸ್ಕ್ರಿಪ್ಟ್ ಓಡಿಸಿದರೆ ಫೈಲು ಅಳಿಸಿಹೋಗುತ್ತದೆ.’ ಫೈಲನ್ನು ಓದಲು ಮಾತ್ರ ತೆರೆಯುವ ಸ್ಕ್ರಿಪ್ಟ್ ಏನನ್ನೂ ಅಳಿಸದು.

ಇಷ್ಟಕ್ಕೂ ಈ ವಿಷಯಕ್ಕೆ ಇಷ್ಟು ಸಿಟ್ಟೇಕೆ? ಮಂಡ್ಯದಲ್ಲಿ 1994ರಲ್ಲಿ ಚದುರಂಗರ ಅಧ್ಯಕ್ಷತೆಯಲ್ಲಿ 63ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. 2024ರ ಡಿಸೆಂಬರಿನಲ್ಲಿ ಗೊ.ರು. ಚನ್ನಬಸಪ್ಪನವರ ಅಧ್ಯಕ್ಷತೆಯಲ್ಲಿ 87ನೆಯದು. ಈ ಮೂವತ್ತು ವರ್ಷದಲ್ಲೇ ಜಿಲ್ಲೆಯ ಕನ್ನಡ ಬರವಣಿಗೆ ಕಾಗದದಿಂದ ಕಂಪ್ಯೂಟರಿಗೆ ಹೋಯಿತು. ಸ್ಮರಣ ಸಂಚಿಕೆ, ಊರ ದೇವಸ್ಥಾನದ ಲೆಕ್ಕ, ಸಂಘದ ನಡಾವಳಿ, ಮನೆ ಪಾಲಿನ ಪತ್ರ ಎಲ್ಲವೂ. ಅದರಲ್ಲಿ ದೊಡ್ಡ ಪಾಲು ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಹಳೆಯ ಹಾರ್ಡ್ ಡಿಸ್ಕುಗಳಲ್ಲಿ ಕೂತಿದೆ. ‘ಸರ್ಚ್‌ನಲ್ಲಿ ಬರಲಿಲ್ಲ’ ಎಂಬ ಒಂದು ಮಾತಿನ ಮೇಲೆ ಆ ಡಿಸ್ಕು ಗುಜರಿಗೆ ಹೋಗುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ.

ಜನ ಇಷ್ಟು ಸುಲಭಕ್ಕೆ ನಂಬಲು ಕಾರಣವೂ ಇದೆ. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ ರಾಜ್ಯದ ಸುಮಾರು 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಸರ್ವೆ ನಂಬರು ಹೇಳಿದರೆ ಪಹಣಿ ಕೈಗೆ ಬಂತು. ಕಂಪ್ಯೂಟರಿಗೆ ಎಲ್ಲ ಗೊತ್ತು ಎಂಬ ಭಾವನೆ ಅಲ್ಲಿಂದ ಬಲವಾಯಿತು. ಆದರೆ ಅದು ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂದು ಅಂಕಣ ಅಂಕಣವಾಗಿ ಜೋಡಿಸಿಟ್ಟ ದತ್ತಾಂಶ. ಇಪ್ಪತ್ತು ವರ್ಷ ಯಾರು ಯಾರೋ ಬಂದು ಮನಸ್ಸಿಗೆ ಬಂದ ಹೆಸರಿಟ್ಟು ತುಂಬಿದ ಫೋಲ್ಡರಿಗೂ ಅದಕ್ಕೂ ಸಂಬಂಧವಿಲ್ಲ.

ಕಬ್ಬಿನ ಗಾಡಿ ತೂಕಕ್ಕೆ ನಿಂತಾಗ ತೂಕವನ್ನು ತಾವೇ ನೋಡದೆ ಚೀಟಿ ಪಡೆಯದ ರೈತರ ಜಿಲ್ಲೆ ನಮ್ಮದು. ನಾಲೆಗೆ ನೀರು ಬಿಟ್ಟಿದ್ದೇವೆ ಎಂದರೆ ತೂಬಿನ ಬಳಿ ಹೋಗಿ ನೋಡಿ ಬರುವವರು ನಾವು. ಅದೇ ನಾವು ಪರದೆಯ ಮೇಲೆ ಬಂದ ಒಂದು ಸೊನ್ನೆಗೆ ತಲೆಬಾಗಿ ಮನೆಗೆ ನಡೆಯುತ್ತೇವೆ. ಪಿಂಚಣಿ ಪಟ್ಟಿಯಲ್ಲಿ ಹೆಸರು ಬರ್ತಿಲ್ಲ ಎಂದರೆ ಅದೇ ನಂಬಿಕೆ. ಖಾತೆ ತೋರಿಸ್ತಿಲ್ಲ ಎಂದರೆ ಅದೇ ನಂಬಿಕೆ. ಮೊಬೈಲಿಗೆ ಬಂದ ಯಾವುದೋ ಮೆಸೇಜು ನಿಜ ಎನ್ನುವುದೂ ಇದೇ ಮನಸ್ಸು. ಯಂತ್ರ ಹೇಳಿತು ಎಂಬುದು ಪುರಾವೆಯಲ್ಲ. ಯಂತ್ರಕ್ಕೆ ಯಾರೋ ಏನನ್ನೋ ಕೇಳಿದ್ದಾರೆ, ಅದು ಅಷ್ಟಕ್ಕೆ ಉತ್ತರ ಕೊಟ್ಟಿದೆ.

ಇನ್ನು ಮುಂದೆ ಯಾರಾದರೂ ‘ಸರ್ಚ್ ಕೊಟ್ಟೆ, ಇಲ್ಲ’ ಎಂದರೆ ಎದ್ದು ಬರಬೇಡಿ. ಯಾವ ಅಕ್ಷರದಲ್ಲಿ ಹುಡುಕಿದಿರಿ? ಯಾವ ಯಾವ ಫೋಲ್ಡರಿಗೆ ಹೋಯಿತು? ಓದಲಾಗದೆ ಬಿಟ್ಟದ್ದು ಎಷ್ಟು? ಈ ಮೂರನ್ನು ಕೇಳಿ. ಮೂರಕ್ಕೂ ಉತ್ತರ ಸಿಕ್ಕಿದ ಮೇಲೂ ಸೊನ್ನೆಯೇ ಬಂದರೆ ಆಗ ಹೊಸದಾಗಿ ಟೈಪ್ ಮಾಡಿಸಿ. ಹಳೆಯ ಡಿಸ್ಕನ್ನು ಮಾತ್ರ, ಒಳಗಿನದೆಲ್ಲ ಯೂನಿಕೋಡಿಗೆ ಬರುವ ತನಕ, ಯಾರಿಗೂ ಕೊಡಬೇಡಿ.