ಪಾದದ ಭಾರವನ್ನಳೆಯುವ ತೆಳುಹಾಳೆ

ಮಧುಮೇಹವು ಬಹುಕಾಲ ಹತೋಟಿ ತಪ್ಪಿದರೆ ಪಾದದ ನರಗಳು ಸಂವೇದನೆಯನ್ನು ಕಳೆದುಕೊಳ್ಳುತ್ತವೆ. ಕಲ್ಲು ಒತ್ತಿದರೂ ನೋವು ತಿಳಿಯದು. ಒಂದೇ ಸ್ಥಳದಲ್ಲಿ ಭಾರ ಬಿದ್ದು ಚರ್ಮ ದಪ್ಪಗಟ್ಟಿ, ಅದರಡಿಯಲ್ಲಿ ಹುಣ್ಣಾಗುತ್ತದೆ. ಭಾರವೆಲ್ಲಿ ಬೀಳುತ್ತಿದೆಯೆಂಬುದನ್ನು ಪಾದರಕ್ಷೆಯೊಳಗೆ ಇರಿಸುವ, ಕಾಗದದಷ್ಟು ತೆಳುವಾದ ಒತ್ತಡ ಸೆನ್ಸರ್ ತೋರಿಸಬಲ್ಲದು.

ಇದರ ಒಂದು ಬಗೆಯಲ್ಲಿ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಒತ್ತಡಕ್ಕೆ ಸ್ಪಂದಿಸುವ ಶಾಯಿಯ ಲೇಪವಿರುತ್ತದೆ. ಒತ್ತಡ ಹೆಚ್ಚಿದಂತೆ ವಿದ್ಯುತ್ತಿಗೆ ಅಲ್ಲಿರುವ ತಡೆ ಕುಗ್ಗುತ್ತದೆ. ಆದರೆ ಸೆನ್ಸರ್ ತಾನಾಗಿ ತೂಕವನ್ನು ಹೇಳದು. ಮೊದಲು ಪೂರ್ಣ ಭಾರವನ್ನು ನಾಲ್ಕಾರು ಬಾರಿ ಹೊರಿಸಿ ಹದಗೊಳಿಸಬೇಕು. ಬಳಿಕ ಗೊತ್ತಿರುವ ತೂಕಗಳನ್ನು ಒಂದೊಂದಾಗಿ ಇರಿಸಿ, ಬಂದ ಅಂಕಿಗಳನ್ನು ಬರೆದುಕೊಳ್ಳಬೇಕು. ತೂಕ ಏರಿಸುವಾಗಿನ ಅಂಕಿಗೂ ಇಳಿಸುವಾಗಿನ ಅಂಕಿಗೂ ತುಸು ಅಂತರವುಂಟು. ಭಾರ ಬಹುಹೊತ್ತು ನಿಂತರೆ ಅಂಕಿ ಮೆಲ್ಲನೆ ಜಾರುತ್ತದೆ. ಉಷ್ಣವೂ ಅಳತೆಯನ್ನು ಕೆಡಿಸುವುದರಿಂದ ಬಳಸುವಾಗಿನ ಬಿಸಿಯಲ್ಲಿಯೇ ಈ ಹೊಂದಾಣಿಕೆ ನಡೆಯಬೇಕು. ಹಾಳೆಯನ್ನು ಮಡಚಬಾರದು, ಬೆವರು, ನೀರು ಒಳಸೇರದಂತೆ ಕಾಯಬೇಕು, ಸಮತಟ್ಟಾಗಿ ಇರಿಸಬೇಕು.

ಉಪಕರಣವು ತಪ್ಪಿ ಕಡಿಮೆ ಒತ್ತಡ ತೋರಿದರೆ ರೋಗಿಯು ನಿಶ್ಚಿಂತೆಯಿಂದ ನಡೆದು ಕಾಲನ್ನೇ ಕಳೆದುಕೊಂಡಾನು. ಆದುದರಿಂದ ಹಳೆಯ ಹೊಂದಾಣಿಕೆಯನ್ನು ನೆಚ್ಚದೆ ಆಗಾಗ ಮರುಪರೀಕ್ಷೆ ಮಾಡಿಸಿರಿ. ಉಪಕರಣವಿರಲಿ, ಇಲ್ಲದಿರಲಿ, ಮಧುಮೇಹಿಗಳಾದ ಭಕ್ತರು ಬರಿಗಾಲಿನ ಪಾದಯಾತ್ರೆಯನ್ನು ಬಿಡಬೇಕು. ನಿತ್ಯವೂ ಮಲಗುವ ಮುನ್ನ ಕನ್ನಡಿ ಹಿಡಿದು ಅಂಗಾಲನ್ನು ನೋಡಿಕೊಳ್ಳಬೇಕು. ಸಣ್ಣ ಗಾಯ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಕಾಯಕಕ್ಕೂ ದಾಸೋಹಕ್ಕೂ ನಮ್ಮನ್ನು ಕರೆದೊಯ್ಯುವ ಪಾದಗಳಿಗೆ ಇಷ್ಟು ಆರೈಕೆ ಸಲ್ಲಬೇಕು.